ಮನೆಯವರು, ಹೊರಗಿನವರು

ಮೂರನೇ ಮಹಡಿಯ ಆ ಪ್ರಯೋಗಾಲಯದಲ್ಲಿ ಒಂದು ಹಳೆಯ ರೂಢಿ ಇತ್ತು. ಹೊಸ ವಿದ್ಯಾರ್ಥಿಗಳಿಗೆ ಗೊನೊರಿಯಾ ಎಂಬ ಲೈಂಗಿಕ ರೋಗದ ಪರೀಕ್ಷೆ ಮಾಡಿ ತೋರಿಸುವಾಗ ರೋಗವಿಲ್ಲದ ಒಂದು ಮಾದರಿಯೂ ಯಂತ್ರದೊಳಗೆ ಹೋಗಬೇಕು. ಯಂತ್ರ ಸುಳ್ಳು ಹೇಳುತ್ತಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಇಂಥ ಮಾದರಿಯನ್ನು ವಿದ್ಯಾರ್ಥಿಗಳಿಂದ ಕೇಳುವುದು ಸಭ್ಯತೆಯಲ್ಲ. ಹಾಗಾಗಿ ಪಾಠ ಮಾಡುವವರೇ ತಮ್ಮದನ್ನು ಕೊಡುತ್ತಿದ್ದರು. ಕೆಲವು ವರ್ಷಗಳಿಂದ ಪಾಠ ಮಾಡುತ್ತಿದ್ದವಳು ಪ್ರಯೋಗಾಲಯದ ಮುಖ್ಯಸ್ಥೆ. ಶೌಚಾಲಯಕ್ಕೆ ಹೋಗಿ, ಹತ್ತಿಯ ಕಡ್ಡಿಯನ್ನು ಕೊಳವೆಯಲ್ಲಿಟ್ಟು ತಂದು, 'ಶುದ್ಧ' ಎಂದು ಬರೆದು ಸಾಲಿನ ಕೊನೆಗೆ ಇಡುತ್ತಿದ್ದಳು.

ಯಂತ್ರ ಓಡುವ ಹೊತ್ತಿನಲ್ಲಿ ಪಾಠ. ಆ ದಿನವೂ ಎಂದಿನಂತೆ ಹಲಗೆಯ ಮೇಲೆ ಎದುರುಬದುರು ಕೂತ ಎರಡು ಬೇಳೆಗಳ ಹಾಗೆ ಬ್ಯಾಕ್ಟೀರಿಯಾದ ಚಿತ್ರ ಬರೆದಳು. ಅದರ ಮೈಯಿಂದ ಹೊರಟ ಎಳೆಗಳನ್ನು ಎಳೆದಳು.

"ಈ ಎಳೆಗಳೇ ಅದರ ಕೈ. ದೂರದಿಂದ ಚಾಚಿ ನಮ್ಮ ಜೀವಕೋಶವನ್ನ ಹಿಡಿಯುತ್ತೆ, ಆಮೇಲೆ ಎಳೆಯನ್ನ ಒಳಕ್ಕೆ ಎಳ್ಕೊಂಡು ಹತ್ತಿರ ಬರುತ್ತೆ. ಹತ್ತಿರ ಬಂದ ಮೇಲೆ ಅದರ ಮೈಮೇಲಿನ ಇನ್ನೊಂದು ಪ್ರೋಟೀನು ಜೀವಕೋಶದ ಹೊರಪೊರೆಗೆ ಅಂಟುತ್ತೆ. ಆಗ ಆ ಪೊರೆ ತಾನಾಗೇ ಮಡಚಿಕೊಂಡು ಅದನ್ನ ಒಳಗೆ ತಗೊಳ್ಳುತ್ತೆ. ಅಂದ್ರೆ, ಇದು ಬಾಗಿಲು ಒಡೆದು ಬರೋ ಕಳ್ಳ ಅಲ್ಲ. ಬಾಗಿಲು ತೆಗೆಯೋದು ಒಳಗಿನವರೇ."

"ರಕ್ತದ ಕಾವಲಿನ ಕಣಗಳು ಸುಮ್ನಿರ್ತವಾ ಮೇಡಂ?" ಎಂದು ಒಬ್ಬಳು ಕೇಳಿದಳು.

"ಬರ್ತವೆ, ನುಂಗ್ತವೆ. ನುಂಗಿದ ಮೇಲೂ ಕೆಲವು ಒಳಗೇ ಬದುಕಿರ್ತವೆ. ಮೇಲಾಗಿ ಇದು ನಮ್ಮದೇ ಸಕ್ಕರೆಯ ತುಣುಕನ್ನ ಮೈಗೆ ಮೆತ್ತಿಕೊಂಡಿರುತ್ತೆ. ಕಾವಲಿನವರಿಗೆ ಇವನು ನಮ್ಮವನೇ ಅನ್ನಿಸುತ್ತೆ. ಗಂಡಸರಿಗೆ ಸಾಮಾನ್ಯವಾಗಿ ಉರಿ, ಕೀವು ಅಂತ ಬೇಗ ಗೊತ್ತಾಗುತ್ತೆ. ಹೆಂಗಸರಲ್ಲಿ ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಏನೂ ಗೊತ್ತಾಗಲ್ಲ."

ಆಗ ಯಂತ್ರದ ಪರದೆಯ ಮೇಲೆ ಗೆರೆಗಳು ಮೂಡತೊಡಗಿದವು. ರೋಗದ ಮಾದರಿಯ ಗೆರೆ ಏರಿತು. ಅದರ ಹಿಂದೆಯೇ 'ಶುದ್ಧ'ದ ಗೆರೆಯೂ ಏರಿತು.

ವಿದ್ಯಾರ್ಥಿಗಳು ನಕ್ಕರು. ಸಹಾಯಕಿಯೂ ನಕ್ಕಳು. ಎತ್ತರದ ಕಪಾಟಿಗೂ ಸ್ಟೂಲಿಲ್ಲದೆ ಕೈ ಹಾಕುವ ಈಕೆಗೆ ಎಲ್ಲರೂ ಇಟ್ಟ ಹೆಸರು ಜಿರಾಫೆ. "ಎಲ್ಲೋ ಕೈ ತಾಗಿಸಿದ್ದೀವಿ ಮೇಡಂ. ಇನ್ನೊಂದ್ಸಲ ಹಾಕ್ತೀನಿ," ಎಂದಳು.

ಮತ್ತೆ ಹಾಕಿದರು. ಗೆರೆ ಮತ್ತೆ ಏರಿತು. ವಿದ್ಯಾರ್ಥಿಗಳನ್ನು ಊಟಕ್ಕೆ ಕಳಿಸಿ, ಹೊಸ ಕಡ್ಡಿ, ಹೊಸ ಕೊಳವೆ ತೆಗೆದು, ಕೋಣೆಯ ಇನ್ನೊಂದು ತುದಿಯಲ್ಲಿ ಮುಖ್ಯಸ್ಥೆಯೇ ಎಲ್ಲವನ್ನೂ ಮಾಡಿದಳು. ಗೆರೆ ಏರಿತು. ಅದೇ ಕಡ್ಡಿಯನ್ನು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೂ ಎಳೆದು, ಬೆಚ್ಚಗಿನ ಪೆಟ್ಟಿಗೆಯೊಳಗೆ ಇಟ್ಟಳು. ಬೆಳೆಯಲು ಎರಡು ದಿನ ಬೇಕು.

ಜಿರಾಫೆ ಈಗ ನಗಲಿಲ್ಲ. ಬಾಟಲಿಗಳನ್ನು ಇದ್ದಲ್ಲೇ ಮತ್ತೆ ಮತ್ತೆ ಜೋಡಿಸುತ್ತಿದ್ದಳು.

*

ಮುಖ್ಯಸ್ಥೆಯ ಗಂಡ ಲಿಫ್ಟ್ ತಪಾಸಣೆಯ ಕೆಲಸದವನು. ತಿಂಗಳಲ್ಲಿ ಅರ್ಧ ಬೇರೆ ಬೇರೆ ಊರುಗಳ ಕಟ್ಟಡಗಳಲ್ಲಿ ಇರುತ್ತಿದ್ದ. ಈ ಕೆಲವು ತಿಂಗಳಿಂದ ಬೆನ್ನುನೋವು ಎಂದು ನಡುಮನೆಯಲ್ಲಿ ಚಾಪೆ ಹಾಸಿ ಒಬ್ಬನೇ ಮಲಗುತ್ತಿದ್ದ. ಮೆತ್ತನೆ ಹಾಸಿಗೆ ಆಗದು, ನೆಲವೇ ವಾಸಿ ಎಂದಿದ್ದ. ಕೆಲಸದಿಂದ ಬಂದ ಕೂಡಲೇ ಬಿಸಿನೀರಿನ ಚೀಲ ತುಂಬಿ ಅವನ ಬೆನ್ನಿಗೆ ಇಡುವುದು ಆಕೆಯ ನಿತ್ಯದ ಕೆಲಸವಾಗಿತ್ತು.

ಆ ಸಂಜೆಯೂ ಚೀಲ ಇಟ್ಟಳು. ಇಟ್ಟ ಮೇಲೆ ವಿಷಯ ಹೇಳಿದಳು.

ಅವನು ಮಗುಚಿ ಮಲಗಿದ್ದಲ್ಲಿಂದ ಏಳಲಿಲ್ಲ. ಲಿಫ್ಟಿನ ಹಗ್ಗ ಸವೆದಿದೆ, ಬದಲಾಯಿಸಬೇಕು ಎನ್ನುವ ದನಿಯಲ್ಲೇ ಹೇಳಿದ: "ನಿನ್ನ ಲ್ಯಾಬಿಂದಲೇ ಬಂದಿರಬೇಕು. ಬೆಳಗಿಂದ ಸಂಜೆ ತನಕ ಅದರ ಜೊತೆಗೇ ತಾನೇ ನಿನ್ನ ಸಂಸಾರ?"

"ಅದು ಹಾಗೆ ಬರಲ್ಲ ರೀ. ಕಣ್ಣಿಗೆ ಸಿಡಿದ್ರೆ ಕಣ್ಣಿಗೆ ಬರಬಹುದು. ಇಲ್ಲಿಗೆ..."

"ಬರಲ್ಲ ಅಂತ ಬರೆದಿಟ್ಟಿದ್ದಾರಾ? ಬಾಗಿಲು ಮುಚ್ಚದೆ ಲಿಫ್ಟ್ ಏರಲ್ಲ ಅಂತ ನಾವೂ ಹೇಳ್ತೀವಿ. ಏರಿದ್ದನ್ನ ನಾನೇ ನೋಡಿದ್ದೀನಿ." ಅವನು ಎದ್ದು ಕೂತ. "ಅನುಮಾನ ಇದ್ರೆ ಹೇಳು. ನಂದೂ ಪರೀಕ್ಷೆ ಮಾಡು. ಈಗಲೇ ಕೊಡ್ತೀನಿ."

ಕೇಳುವ ಮೊದಲೇ ಅವನಾಗಿ ಕೊಟ್ಟದ್ದೇ ಆಕೆಗೆ ಅರ್ಧ ಉತ್ತರವಾಯಿತು. ಮರುದಿನ ಅವನ ಮಾದರಿಯನ್ನು ಸ್ವತಃ ಯಂತ್ರಕ್ಕೆ ಹಾಕಿದಳು. ಗೆರೆ ನೆಲ ಬಿಟ್ಟು ಏಳಲಿಲ್ಲ.

ಆಕೆಗೆ ಎಷ್ಟು ಹಗುರವಾಯಿತೆಂದರೆ, ಲೆಕ್ಕಕ್ಕೆ ಬರಬೇಕಾದ ಪ್ರಶ್ನೆಗಳೆಲ್ಲ ಆ ಹೊತ್ತಿಗೆ ಲೆಕ್ಕಕ್ಕೆ ಬರಲಿಲ್ಲ. ಇಂದು ಇಲ್ಲ ಎಂದರೆ ಎಂದೂ ಇರಲಿಲ್ಲ ಎಂದಲ್ಲ. ಇದನ್ನು ಪ್ರತಿ ವರ್ಷ ಮೊದಲ ವಾರದಲ್ಲೇ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವಳು ಆಕೆಯೇ. ಅದರ ಬದಲು ಒಂದು ಹರಿದ ಕೈಗವಸು ನೆನಪಾಯಿತು. ಒಂದು ದಿನ ಅವಸರದಲ್ಲಿ ಕೈ ತೊಳೆಯದೆ ಶೌಚಾಲಯಕ್ಕೆ ಹೋಗಿದ್ದೆನೇನೋ ಎಂದೂ ಅನ್ನಿಸಿತು. ಮುಳುಗುವವಳಿಗೆ ಹುಲ್ಲುಕಡ್ಡಿ ಸಾಕು. ನಿರ್ಲಕ್ಷ್ಯದ ವಿಜ್ಞಾನಿ ಎನಿಸಿಕೊಳ್ಳುವುದು ಆಕೆಗೆ ಆ ದಿನ ಸುಲಭವಾಗಿ ಕಂಡಿತು.

"ಅನುಮಾನ ಪಟ್ಟಿದ್ದಕ್ಕೆ ಬೇಜಾರಾಯ್ತಾ?" ಎಂದು ಸಂಜೆ ಗಂಡನನ್ನು ಕೇಳಿದಳು.

"ಬಿಡು," ಎಂದ ಅವನು. "ನಿನ್ನ ಕೆಲಸವೇ ಅಂಥದ್ದು."

*

ಹರಿದ ಕೈಗವಸಿನ ಮಾತನ್ನೂ ಗಂಡನ ವರದಿಯನ್ನೂ ಸೇರಿಸಿ ಬರೆದು ಸುರಕ್ಷತಾ ಅಧಿಕಾರಿಗೆ ಆಕೆಯೇ ದೂರು ಕೊಟ್ಟಳು. ಅವರು ಅಗ್ನಿಶಾಮಕ ದಳದಿಂದ ನಿವೃತ್ತರಾಗಿ ಬಂದವರು. ಎಚ್ಚರಿಕೆಯ ಗಂಟೆ ಬಾರಿಸಿ ಎಲ್ಲರನ್ನೂ ಮೆಟ್ಟಿಲಿಳಿಸುವ ಹುಮ್ಮಸ್ಸಿನಿಂದಾಗಿ ಗಂಟೆ ಸಾಹೇಬರು ಎಂದೇ ಪ್ರಸಿದ್ಧರು.

"ಯಾವ ಬ್ಯಾಕ್ಟೀರಿಯಾ ತಾಯಿ? ಮನೆಯವರೋ, ಹೊರಗಿನವರೋ?"

ಅದು ಆ ಮಹಡಿಯ ಭಾಷೆ. ಪ್ರಯೋಗಾಲಯದಲ್ಲಿ ಬಹಳ ವರ್ಷಗಳಿಂದ ಸಾಕಿಕೊಂಡು ಬಂದ ಒಂದು ತಳಿ ಇತ್ತು. ತಟ್ಟೆಯಿಂದ ತಟ್ಟೆಗೆ ದಾಟಿಸಿ ದಾಟಿಸಿ ಅದು ತನ್ನ ಎಳೆಗಳನ್ನು ಕಳೆದುಕೊಂಡಿತ್ತು. ಹಿಡಿಯಲು ಯಾರೂ ಇಲ್ಲದ ಕಡೆ ಕೈ ಯಾಕೆ? ಹಿಡಿತದ ನಂತರ ಏನಾಗುತ್ತದೆ ಎಂಬುದನ್ನಷ್ಟೇ ಅಭ್ಯಾಸ ಮಾಡಲು ಅದು ಅನುಕೂಲವೂ ಆಗಿತ್ತು. ಅದಕ್ಕೆ 'ಮನೆಯವರು' ಎಂದು ಹೆಸರಿಟ್ಟವಳು ಜಿರಾಫೆ. "ಬೆಚ್ಚಗಿಡಬೇಕು, ಹೊತ್ತಿಗೆ ಸರಿಯಾಗಿ ಊಟ ಹಾಕಬೇಕು, ಚೂರು ತಡವಾದ್ರೆ ಮುನಿಸಿಕೊಂಡು ಸತ್ತೇ ಹೋಗುತ್ತೆ, ಇನ್ನೇನೂ ಕೆಲಸ ಬರಲ್ಲ. ಮನೆಯವರಲ್ದೆ ಮತ್ತೇನು?" ಎಂದಿದ್ದಳು. ರೋಗಿಗಳಿಂದ ಬರುವ ತಳಿಗಳು 'ಹೊರಗಿನವರು'. ಆಸ್ಪತ್ರೆ ತನ್ನದೇ ಪ್ರಯೋಗಾಲಯ ಶುರು ಮಾಡಿದ ಮೇಲೆ ಹೊರಗಿನವರು ಈ ಮಹಡಿಗೆ ಬರುವುದು ಪೂರ್ತಿ ನಿಂತಿತ್ತು. ಮೊನ್ನೆಯ ಪಾಠದಲ್ಲಿ ರೋಗದ ಮಾದರಿ ಎಂದು ಇಟ್ಟಿದ್ದೂ ಮನೆಯವರನ್ನೇ.

"ಹೊರಗಿನವರು ನಮ್ಮಲ್ಲಿ ಇಲ್ಲವೇ ಇಲ್ಲ," ಎಂದಳು ಆಕೆ. "ಮನೆಯವರೇ ಇರಬೇಕು."

ಗಂಟೆ ಸಾಹೇಬರು ಕೋಣೆಗೆ ಬೀಗ ಹಾಕಿಸಿದರು. ಮನೆಯವರನ್ನು ದಿನವೂ ನೋಡಿಕೊಳ್ಳುತ್ತಿದ್ದವಳು ಜಿರಾಫೆ. ಮೇಜು ಒರೆಸುವುದು, ತಟ್ಟೆಗಳನ್ನು ಸುಡುವುದು, ಕೈಗವಸು ತರಿಸುವುದು ಅವಳ ಪಾಲಿನದು. ವಿಚಾರಣೆಯ ಸಭೆ ಮುಗಿಯುವವರೆಗೆ ಅವಳು ಮನೆಯಲ್ಲಿರಬೇಕು ಎಂದಾಯಿತು. ಅವಳದು ವರ್ಷ ವರ್ಷವೂ ನವೀಕರಿಸುವ ಕೆಲಸ. ಇಂಥ ಕಪ್ಪುಚುಕ್ಕೆ ಬಿದ್ದರೆ ಯಾರೂ ನವೀಕರಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಜಿರಾಫೆ ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. "ಮೇಡಂ, ನಾನು ಎಲ್ಲಿ ತಪ್ಪಿದೆ ಅಂತ ಹೇಳಿಬಿಡಿ. ಇನ್ನೊಂದ್ಕಡೆ ಕೆಲಸ ಸಿಕ್ಕಿದ್ರೆ ಅಲ್ಲಾದ್ರೂ ಮಾಡದೆ ಇರ್ತೀನಿ."

"ಸಭೆ ಆಗಲಿ," ಎಂದಳು ಆಕೆ.

*

ತಟ್ಟೆ ನೋಡುವ ದಿನ ಬಂತು. ಗಂಟೆ ಸಾಹೇಬರು ಬೀಗ ತೆಗೆದು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಆಕೆ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು.

ಮನೆಯವರ ಗುಂಪುಗಳು ಹೇಗಿರುತ್ತವೆ ಎಂಬುದು ಆಕೆಗೆ ನಿದ್ದೆಯಲ್ಲೂ ಗೊತ್ತು. ಅಗಲ, ಚಪ್ಪಟೆ, ಬಿಳಚಿಕೊಂಡ, ಅಂಚು ಕರಗಿದಂಥ ಮಚ್ಚೆಗಳು. ಇಲ್ಲಿ ಬೆಳೆದಿದ್ದವು ಚಿಕ್ಕವು, ಗುಮ್ಮಟದ ಹಾಗೆ ಉಬ್ಬಿದವು, ಕತ್ತರಿಸಿಟ್ಟಂತೆ ಕಪ್ಪಗಿನ ಅಂಚು. ಎಳೆಗಳಿರುವ, ಹಿಡಿಯಲು ಬಲ್ಲ ಬ್ಯಾಕ್ಟೀರಿಯಾ ಹೀಗೆ ಬೆಳೆಯುತ್ತದೆ.

ಇಷ್ಟಕ್ಕೇ ತೀರ್ಪು ಕೊಡುವವಳಲ್ಲ ಆಕೆ. ಕಳೆದುಕೊಂಡ ಎಳೆಗಳು ಮನುಷ್ಯನ ಮೈ ಸೇರಿದ ಮೇಲೆ ಮರಳುವುದೂ ಉಂಟು. ಆದ್ದರಿಂದ ಅಲ್ಲಿಂದ ಒಂದು ಗುಂಪನ್ನು ತೆಗೆದು ಹೊಸ ತಟ್ಟೆಗೆ ಹರಡಿ, ನಡುವೆ ಪೆನಿಸಿಲಿನ್ ಬಿಲ್ಲೆ ಇಟ್ಟಳು. ಪಕ್ಕದ ತಟ್ಟೆಗೆ ಮನೆಯವರನ್ನು ಹರಡಿ ಅಲ್ಲೂ ಒಂದು ಬಿಲ್ಲೆ ಇಟ್ಟಳು. ಮನೆಯವರು ಪೆನಿಸಿಲಿನ್ ಎಂದರೆ ಸಾಯುವವರು. ಪೆನಿಸಿಲಿನ್ ಈ ರೋಗಕ್ಕೆ ಇನ್ನೂ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಹಿಡಿದಿಟ್ಟ ತಳಿ ಅದು. ಮರುದಿನ ನೋಡಿದರೆ, ಮನೆಯವರ ತಟ್ಟೆಯಲ್ಲಿ ಬಿಲ್ಲೆಯ ಸುತ್ತ ದೊಡ್ಡ ಖಾಲಿ ವೃತ್ತ. ಇನ್ನೊಂದರಲ್ಲಿ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬಂದು ಒತ್ತಿಕೊಂಡು ಕೂತಿತ್ತು.

ಇದು ಮನೆಯವರಲ್ಲ. ಎಲ್ಲಿಯೋ ಯಾರೋ ರೋಗಿಯ ಮೈಯಿಂದ ಇನ್ನೊಂದು ಮೈಗೆ, ಅಲ್ಲಿಂದ ತನ್ನ ಮೈಗೆ ಬಂದದ್ದು.

ಜಿರಾಫೆಗೆ ಫೋನ್ ಮಾಡಿದಳು. "ನಿನ್ನ ತಪ್ಪಿಲ್ಲ. ಹೊರಗಿನವರು."

ಜಿರಾಫೆ ಮೆಲ್ಲಗೆ ಕೇಳಿದಳು: "ಮತ್ತೆ ನಿಮ್ಮ ಯಜಮಾನರದ್ದು ಇಲ್ಲ ಅಂತ ಬಂತಲ್ಲ ಮೇಡಂ?"

ಬೇರೇನೂ ಅವಳು ಕೇಳಲಿಲ್ಲ. ಆದರೆ ಆ ಪ್ರಶ್ನೆಯ ಇನ್ನೊಂದು ತುದಿ ಯಾರ ಕಡೆ ತಿರುಗಿದೆ ಎಂಬುದು ಆಕೆಗೆ ತಿಳಿಯಿತು. ಬ್ಯಾಕ್ಟೀರಿಯಾ ಹೊರಗಿನದು, ಗಂಡ ಶುದ್ಧ. ಹಾಗಾದರೆ ಹೊರಗೆ ಹೋದವಳು ಯಾರು? ಸಭೆಯಲ್ಲಿ ಕೂತವರೂ ಇದನ್ನೇ ಕೇಳಿಕೊಳ್ಳುತ್ತಾರೆ, ಬಾಯಿಬಿಟ್ಟು ಕೇಳದೆ.

*

ವೈದ್ಯೆ ಚುಚ್ಚುಮದ್ದು ಬರೆದುಕೊಟ್ಟರು. ಗರ್ಭನಾಳಕ್ಕೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಈಗಲೇ ಹೇಳಲಾಗದು, ಮಗುವಿನ ಯೋಚನೆ ಇದ್ದರೆ ಮುಂದೆ ನೋಡೋಣ ಎಂದರು. ಯೋಚನೆ ಇತ್ತು. ಬೆನ್ನುನೋವು ಹೋಗಲಿ ಎಂದು ಕಾಯುತ್ತಿದ್ದರು, ಅಷ್ಟೇ. ಆ ನಾಳದ ಒಳಗೋಡೆಯ ಬಗ್ಗೆ ಆಕೆ ಪ್ರಬಂಧವನ್ನೇ ಬರೆದಿದ್ದಳು. ಅಂಡಾಣುವನ್ನು ಮುಂದೆ ತಳ್ಳುವ ರೋಮಗಳುಳ್ಳ ಜೀವಕೋಶಗಳಿಗೆ ಈ ಬ್ಯಾಕ್ಟೀರಿಯಾ ಅಂಟುವುದೇ ಇಲ್ಲ. ಪಕ್ಕದ, ರೋಮವಿಲ್ಲದ ಕೋಶಕ್ಕೆ ಅಂಟಿ ಒಳಸೇರುತ್ತದೆ. ಸಾಯುವುದು ಮಾತ್ರ ರೋಮದ ಕೋಶ.

ಔಷಧಿಗೆ ಮೈದುನನ ಅಂಗಡಿಗೆ ಹೋದಳು. ಗಂಡನ ತಮ್ಮ ಅವನು. ಬಸ್ ನಿಲ್ದಾಣದ ಎದುರು ಮೆಡಿಕಲ್ ಶಾಪ್ ಇಟ್ಟಿದ್ದ. ಬೇರೆ ಅಂಗಡಿಗೆ ಹೋಗಬಹುದಿತ್ತು. ಚುಚ್ಚುಮದ್ದು ಹತ್ತು ರೋಗಕ್ಕೆ ಬಳಸುವ ಔಷಧಿ, ಯಾವುದಕ್ಕೆಂದು ಅವನಿಗೆ ಗೊತ್ತಾಗದು ಎಂದುಕೊಂಡಳು.

ಆಕೆಯನ್ನು ಕಂಡ ಕೂಡಲೇ ಅವನು ಎದ್ದು ನಿಂತ. ಕೆಲವು ತಿಂಗಳಿಂದ ಹೀಗೆಯೇ. ಮೊದಲು 'ಏನತ್ತಿಗೆ, ನಿಮ್ಮ ಹುಳಗಳು ಆರಾಮಾ?' ಎಂದು ಚುಡಾಯಿಸುತ್ತಿದ್ದವನು ಈಚೆಗೆ ಮನೆಗೆ ಬಂದರೆ ತಟ್ಟೆ ತಾನೇ ತೊಳೆದಿಡುತ್ತಿದ್ದ, ಮಾತಿಗೆ ಮುಂಚೆ ಕೈ ಕಟ್ಟುತ್ತಿದ್ದ. ತಾನು ಮುಖ್ಯಸ್ಥೆಯಾದದ್ದಕ್ಕೆ ಈ ಮರ್ಯಾದೆ ಎಂದು ಆಕೆ ಒಳಗೊಳಗೇ ಹಿಗ್ಗಿದ್ದೂ ಉಂಟು.

ಅವನು ಚೀಟಿ ಓದಿದ. ಮುಖ ಸಣ್ಣದಾಯಿತು.

"ಮತ್ತೆ ಬಂತಾ ಅತ್ತಿಗೆ?"

"ಏನು ಮತ್ತೆ?"

"ಆ ಸಲದ ಮಾತ್ರೆಗೆ ಹೋಗಿರಲ್ಲ ಅಂತ ಕಾಣುತ್ತೆ. ನಾನು ಆಗಲೇ ಅಣ್ಣಂಗೆ ಹೇಳಿದ್ದೆ, ಇಬ್ಬರೂ ಒಟ್ಟಿಗೇ ತಗೊಳ್ಳಬೇಕು ಅಂತ. ಅವನಿಗೊಂದು ಪೊಟ್ಟಣ, ನಿಮಗೊಂದು ಪೊಟ್ಟಣ, ಎರಡೂ ಬೇರೆ ಬೇರೆ ಕಟ್ಟಿ ಕೊಟ್ಟಿದ್ದೆ." ದನಿ ತಗ್ಗಿಸಿದ. "ನಂಗೆ ಅವತ್ತು ಅವನ ಮುಖ ನೋಡಕ್ಕೇ ಹೇಸಿಗೆ ಆಗಿತ್ತು. ಆಮೇಲೆ ಹೇಳ್ದ, ನೀವು ಎಲ್ಲ ತಿಳಿದೂ ಕ್ಷಮಿಸಿದ್ರಿ ಅಂತ. ಬೇರೆ ಯಾರಾದ್ರೂ ಆಗಿದ್ರೆ ರಂಪ ಮಾಡ್ತಿದ್ರು. ನಿಮ್ಮದು ದೊಡ್ಡ ಮನಸ್ಸು ಅತ್ತಿಗೆ. ನಾನು ಅವತ್ತಿಂದ..."

ಅವನು ಅಲ್ಲಿಗೆ ನಿಲ್ಲಿಸಿದ. ಆಕೆಯ ಮುಖದಲ್ಲಿ ಕ್ಷಮಿಸಿದವಳ ಲಕ್ಷಣ ಕಾಣಲಿಲ್ಲ.

"ಅತ್ತಿಗೆ... ನಿಮಗೆ ಗೊತ್ತಿರಲಿಲ್ವಾ?"

ಹಿಂದೆ ನಿಂತಿದ್ದ ಗಿರಾಕಿ ಕೆಮ್ಮಿನ ಔಷಧಿ ಕೇಳಿದ. ಮೈದುನನಿಗೆ ಕೇಳಿಸಲಿಲ್ಲ.

"ಚುಚ್ಚುಮದ್ದು ಕೊಡಪ್ಪ," ಎಂದಳು ಆಕೆ.

*

ಗಂಡ ನಡುಮನೆಯಲ್ಲಿ ಚಾಪೆ ಬಿಡಿಸುತ್ತಿದ್ದ. ಚೀಲಕ್ಕೆ ಬಿಸಿನೀರು ಇನ್ನೂ ಆಗಿಲ್ಲವೇ ಎಂಬಂತೆ ಅಡುಗೆಮನೆ ಕಡೆ ನೋಡಿದ.

"ನನ್ನ ಪೊಟ್ಟಣ ಏನಾಯ್ತು?"

ಅವನು ಯಾವ ಪೊಟ್ಟಣ ಎಂದು ಕೇಳಲಿಲ್ಲ. ಚಾಪೆಯ ಸುಕ್ಕನ್ನು ಅಂಗೈಯಿಂದ ಸರಿಪಡಿಸಿದ.

"ನಾನೇ ತಗೊಂಡೆ."

"ಎರಡನ್ನೂ?"

"ಖಾತ್ರಿ ಆಗಲಿ ಅಂತ." ಆಮೇಲೆ ಬೇಗ ಬೇಗ ಹೇಳಿದ. "ನಿಂಗೆ ಕೊಡಬೇಕು ಅಂತಲೇ ತಂದಿದ್ದೆ. ಜೇಬಲ್ಲಿ ಇಟ್ಕೊಂಡೇ ಓಡಾಡಿದೆ. ಕೊಟ್ರೆ ನೀನು ಯಾಕೆ ಅಂತ ಕೇಳ್ತಿದ್ದೆ. ನೀನು ಹೆಸರು ನೋಡಿದ ಕೂಡ್ಲೇ ಯಾವುದಕ್ಕೆ ಅಂತ ಹೇಳೋಳು. ಬೇರೆ ಯಾರ ಹೆಂಡತಿ ಆಗಿದ್ರೂ ವಿಟಮಿನ್ ಮಾತ್ರೆ ಅಂತ ಕೊಟ್ಟಿರ್ತಿದ್ದೆ."

"ಆಮೇಲೆ ಬೆನ್ನು ನೋವು ಬಂತು."

ಅವನು ದಿಂಬನ್ನು ಚಾಪೆಯ ತಲೆಕಡೆಗೆ ಸರಿಸಿದ.

ಹೊರಗೆ ಹೋದದ್ದು ಒಂದು ಮಾತು. ಅದನ್ನು ಆಕೆ ಅಂಗಡಿಯಿಂದ ನಡೆದು ಬರುವಾಗಲೇ ಎಲ್ಲೋ ಒಂದು ಕಡೆ ಇಟ್ಟುಬಿಟ್ಟಿದ್ದಳು. ಎತ್ತಿಡಲಾಗದ್ದು ಬಿಸಿನೀರಿನ ಚೀಲ. ಹೆಂಡತಿಯ ಮೈಯೊಳಗೆ ರೋಗ ಇದೆ ಎಂದು ಇವನಿಗೆ ಗೊತ್ತಿತ್ತು. ಅದು ಮತ್ತೆ ತನಗೆ ಬರದಿರಲಿ ಎಂದು ನೆಲದ ಮೇಲೆ ಮಲಗಿದ. ಗೊತ್ತಿದ್ದೇ, ಪ್ರತಿ ಸಂಜೆ ಬೆನ್ನು ಕೊಟ್ಟು ಮಲಗಿ, 'ಸ್ವಲ್ಪ ಕೆಳಗೆ, ಹಾಂ, ಅಲ್ಲೇ' ಎಂದ. ಪರೀಕ್ಷೆಗೆ ಅವನಾಗಿ ಮುಂದೆ ಬಂದದ್ದೂ ಫಲಿತಾಂಶ ಮೊದಲೇ ತಿಳಿದಿದ್ದರಿಂದ.

"ನಾಳೆ ಸಭೆ ಅಲ್ವಾ?" ಅವನು ಕೇಳಿದ. "ನೋಡು, ಆಗಿದ್ದು ಆಗಿಹೋಯ್ತು. ಲ್ಯಾಬ್ ಅಂತಲೇ ಹೇಳಿಬಿಡು. ಮರ್ಯಾದೆ ಇಬ್ಬರದ್ದೂ ಉಳಿಯುತ್ತೆ. ಆ ಉದ್ದದ ಹುಡುಗಿಗೆ ಬೇರೆ ಎಲ್ಲಾದ್ರೂ ಕೆಲಸ ಕೊಡಿಸೋಣ. ನನಗೂ ನಾಲ್ಕು ಜನ ಪರಿಚಯ ಇದ್ದಾರೆ. ಇಲ್ಲ ಅಂದ್ರೆ ಜನ ಏನಂತಾರೆ ಗೊತ್ತಲ್ಲ? ನನ್ನ ರಿಪೋರ್ಟ್ ಸರಿ ಇದೆ. ಬೆರಳು ತೋರಿಸೋದು ನಿನ್ನ ಕಡೆಗೇ."

ಇಷ್ಟು ವರ್ಷ ಆಕೆ ಅವನನ್ನು ನೀವು ಎಂದೇ ಕರೆದಿದ್ದಳು. ಜಗಳದಲ್ಲೂ ಅದು ತಪ್ಪಿರಲಿಲ್ಲ.

"ಚಾಪೆ ಸುತ್ತಿ ಇಡು," ಎಂದಳು. "ನಿಂಗೆ ಬೆನ್ನುನೋವಿಲ್ಲ. ಹಾಸಿಗೆ ಮೇಲೆ ಹೋಗಿ ಮಲಗು. ನಾನು ಅಕ್ಕನ ಮನೆಗೆ ಹೋಗ್ತೀನಿ."

*

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು. ಒಂದು ಬದಿಗೆ ನಿರ್ದೇಶಕರು, ಆಡಳಿತದ ಇಬ್ಬರು, ಗಂಟೆ ಸಾಹೇಬರು. ಇನ್ನೊಂದು ಬದಿಗೆ ಜಿರಾಫೆ ಒಬ್ಬಳೇ, ಮೊಣಕಾಲು ಮೇಜಿಗೆ ತಾಗದಂತೆ ಓರೆಯಾಗಿ ಕೂತಿದ್ದಳು. ಆಕೆ ಹೋಗಿ ಜಿರಾಫೆಯ ಪಕ್ಕದಲ್ಲಿ ಕೂತಳು. ತಂದಿದ್ದ ಎರಡು ತಟ್ಟೆಗಳನ್ನು ಮುಚ್ಚಳ ತೆಗೆಯದೆ ಮೇಜಿನ ಮೇಲಿಟ್ಟು, ಒಂದರಲ್ಲಿನ ಖಾಲಿ ವೃತ್ತವನ್ನೂ ಇನ್ನೊಂದರಲ್ಲಿ ಅದು ಇಲ್ಲದ್ದನ್ನೂ ತೋರಿಸಿದಳು. ಎರಡೂ ಒಂದೇ ತಳಿ ಆಗಿರಲು ಯಾಕೆ ಸಾಧ್ಯವಿಲ್ಲ ಎಂದು ಪಾಠದ ದನಿಯಲ್ಲೇ ವಿವರಿಸಿದಳು. ಕೈಗವಸಿನ ಬಗ್ಗೆ ತಾನು ಬರೆದುಕೊಟ್ಟದ್ದು ಊಹೆ, ಅದನ್ನು ಹಿಂದಕ್ಕೆ ಪಡೆಯುತ್ತೇನೆ ಎಂದಳು.

ನಿರ್ದೇಶಕರು ತಟ್ಟೆಗಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಡಳಿತದವರು ಆಕೆಯ ಮುಖ ಬಿಟ್ಟು ಉಳಿದ ಎಲ್ಲ ಕಡೆ ನೋಡಿದರು.

ಗಂಟೆ ಸಾಹೇಬರಿಗೆ ಬರೆಯುವ ಕೆಲಸ. ಅವರಿಗೆ ವಿಷಯದ ಕೊಂಡಿ ಎಲ್ಲೋ ತಪ್ಪಿತ್ತು. ಪೆನ್ನು ಎತ್ತಿ ಹಿಡಿದು, ಕಿವಿ ಮುಂದೆ ಮಾಡಿ ಕೇಳಿದರು: "ಒಂದೇ ಮಾತಲ್ಲಿ ಹೇಳಿಬಿಡು ತಾಯಿ, ನಾನು ಹಾಗೇ ಬರ್ಕೋತೀನಿ. ಕೊನೆಗೆ ಇದು ಬಂದಿದ್ದು ಹೊರಗಿನವರಿಂದ. ಮನೆಯವರಿಂದ ಅಲ್ಲ. ಸರೀನಾ?"

ಹೌದು ಎಂದರೆ ಸಾಕಿತ್ತು. ಜಿರಾಫೆಯ ಕೆಲಸ ಉಳಿಯುತ್ತಿತ್ತು, ಬೀಗ ತೆಗೆಯುತ್ತಿದ್ದರು. ಆ ಒಂದು ಹೌದಿನ ಉಳಿದರ್ಧವನ್ನು ಜನ ಅವರವರಿಗೆ ಬೇಕಾದಂತೆ ತುಂಬಿಕೊಳ್ಳುತ್ತಿದ್ದರು. ಆ ಅರ್ಧದಲ್ಲಿ ಆಕೆಯ ಗಂಡ ಶುದ್ಧ, ಆಕೆ ಹೊರಗೆ ಹೋದವಳು.

"ಅರ್ಧ ಸರಿ," ಎಂದಳು ಆಕೆ. "ತಳಿ ಹೊರಗಿನವರದ್ದು. ತಂದವರು ಮನೆಯವರು."

"ಅಯ್ಯೋ, ಮನೆಯವರು ಅಲ್ಲ ಅಂತ ಈಗ ತಾನೇ..."

"ನಿಮ್ಮ ಮನೆಯವರಲ್ಲ ಸಾಹೇಬರೇ. ನಮ್ಮ ಮನೆಯವರು."

ಗಂಟೆ ಸಾಹೇಬರ ಪೆನ್ನು ಕಾಗದದ ಮೇಲೆ ನಿಂತಿತು. ಮೇಜಿನ ಕೆಳಗೆ ಜಿರಾಫೆಯ ಉದ್ದನೆಯ ಕೈ ಬಂದು ಆಕೆಯ ಮಣಿಕಟ್ಟನ್ನು ಹಿಡಿಯಿತು. ಆಕೆ ಬಿಡಿಸಿಕೊಳ್ಳಲಿಲ್ಲ.

"ಬರ್ಕೊಳ್ಳಿ," ಎಂದಳು.